ಗೂಡಿನಾಚೆ ಬಿದ್ದ ಮರಿಗಳು

ಅಯೋವಾ ಸಿಟಿಯ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಾ ವರ್ನಾ ಕೂತಿದ್ದ ಬೆಂಚಿಗೇ ಪ್ರಯೋಗಾಲಯದ ಇಬ್ಬರು ಹೆಂಗಸರು ಬಂದು ಕೂತರು. ಕೊರಳ ಬಿಲ್ಲೆಯಲ್ಲಿ ಹೆಸರಿತ್ತು: ಹಿರಿಯವಳು ಮಾರ್ಲಿಸ್, ಕಿರಿಯವಳು ಬ್ರಿನ್. ಮಾರ್ಲಿಸ್ ರಜೆ ಮುಗಿಸಿ ಅಂದೇ ಕೆಲಸಕ್ಕೆ ಮರಳಿದ್ದಳೆಂದು ಅವರ ಮಾತಿನಲ್ಲೇ ವರ್ನಾಳಿಗೆ ತಿಳಿಯಿತು.

“ನೀರು, ಕಾಳು ಎಲ್ಲಾ ಹೊತ್ತಿಗೆ ಸರಿಯಾಗಿ ಹಾಕ್ತಿದ್ದೆ, ಮಾರ್ಲಿಸ್. ಆದ್ರೂ ಇಲಿಮರಿಗಳು ಸತ್ತೇಹೋದ್ವು.”

“ಗೂಡಿನಿಂದ ಆಚೆ ಬಿದ್ದಿದ್ವಾ?”

“ಹೂಂ, ತಣ್ಣಗಾಗಿದ್ವು. ತಾಯಿ ಗೇಣು ದೂರದಲ್ಲೇ ಆರಾಮಾಗಿ ಮಲಗಿತ್ತು. ಎಂಥಾ ತಾಯಿ ಅದು.”

“ಅದನ್ನ ಬೈಬೇಡ. ಆ ತಳೀಲಿ ಒಂದು ಜೀನ್ ಕೆಟ್ಟಿದೆ. ಕಿವಿಯೊಳಗೆ ಸದ್ದು ಹಿಡಿಯೋ ಜೀವಕೋಶಗಳು ಬೆಳೆಯೋದೇ ಇಲ್ಲ. ಮರಿ ಕೂಗಿದ್ದು ಕೇಳಿಸಿದ್ರೆ ತಾನೇ ಎತ್ಕೊಂಡು ಬರೋದು?”

“ನೀವಿದ್ದಾಗ ಒಂದೂ ಸಾಯ್ತಿರಲಿಲ್ವಲ್ಲ.”

“ದಿನಾ ಬೆಳಿಗ್ಗೆ ನಾನೇ ಎತ್ತಿ ಒಳಗೆ ಇಡ್ತಿದ್ದೆ. ನಿಂಗೆ ಹೇಳ್ಬೇಕಿತ್ತು. ಅಮ್ಮ ಹೋದ್ಲು ಅಂತ ಸುದ್ದಿ ಬಂತು, ಹಾಗೇ ಓಡಿದೆ.”

“ಕೊನೇಲಿ ಮಾತಾಡೋಕೆ ಸಿಕ್ಕಿದ್ರಾ?”

“ಎಲ್ಲಿ ಸಿಕ್ಕಿದ್ಲು. ಮತ್ತೆ ಮತ್ತೆ ಫೋನ್ ಮಾಡಿದ್ಲಂತೆ. ಇಲಿ ಕೋಣೆಗೆ ಫೋನ್ ಒಯ್ಯೋ ಹಾಗಿಲ್ವಲ್ಲ, ಆಚೆ ಲಾಕರ್‌ನಲ್ಲಿತ್ತು.”

ಮಾರ್ಲಿಸ್ ಕೊರಳ ಬಿಲ್ಲೆ ಕಳಚಿ ತನ್ನ ಚೀಲಕ್ಕೆ ಹಾಕಿದಳು.

“ನಾನು ಆಗ ಏನ್ ಮಾಡ್ತಿದ್ದೆ ಗೊತ್ತಾ? ಆಚೆ ಬಿದ್ದ ಮರಿಗಳನ್ನ ಅವುಗಳ ತಾಯಿ ಹತ್ರ ಇಡ್ತಿದ್ದೆ.”

ಬಸ್ ಬಂತು. ಬ್ರಿನ್ ಕೇಳದೆಯೇ ಮಾರ್ಲಿಸಳ ಚೀಲವನ್ನು ತಾನೇ ಎತ್ತಿಕೊಂಡಳು.

“ನಾಳೆ ಬೆಳಿಗ್ಗೆ ನಾನೂ ಬೇಗ ಬರ್ತೀನಿ,” ಎಂದಳು, ಮೆಟ್ಟಿಲು ಹತ್ತುತ್ತಾ. “ಮರಿ ಎತ್ತಿಡೋದನ್ನ ನಂಗೂ ತೋರ್ಸಿ.”