ಸರೋಜ ಅಂದಿದ್ದು

ನಗ್ತೀಯಾ? ನಗು ನಗು, ಪರ್ವಾಗಿಲ್ಲ. ನಾನೂ ಅವತ್ತು ನಕ್ಕಿದ್ದೆ. ಸರೋಜ ಊಟದ ಮಧ್ಯೆ "ಸಾಕು, ಸಾಕು" ಅಂತಿದಾಳೆ, ಆ ನರ್ಸ್ ಹುಡುಗಿ, ಪಾಪ, ಓಡಿಹೋಗಿ ಸಾಕ್ಸ್ ತಂದು ಕಾಲಿಗೆ ಹಾಕಿದ್ಲು! ಇವಳು ಮತ್ತೆ "ಸಾಕು" ಅಂದ್ಲು. ಅದರ ಮೇಲೆ ಇನ್ನೊಂದು ಜೊತೆ! ನಾನು ಆಸ್ಪತ್ರೆಗೆ ಹೋಗೋಷ್ಟರಲ್ಲಿ ಜುಲೈ ಸೆಕೇಲಿ ಎರಡೆರಡು ಸಾಕ್ಸ್ ಹಾಕ್ಕೊಂಡು ಕೂತಿದಾಳೆ ನನ್ನ ಹೆಂಡ್ತಿ. ಮುಖ ನೋಡ್ಬೇಕಿತ್ತು ನೀನು...

ಆಮೇಲೇ ನಾನು ಪಟ್ಟಿ ಮಾಡಿದ್ದು. ನೀರು, ನೋವು, ಸಾಕು, ಚಳಿ. ಕನ್ನಡದ ಮಾತು, ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಅರ್ಥ. ಅವಳ ಹಾಸಿಗೆ ಮೇಲೆ ಗೋಡೆಗೆ ಅಂಟಿಸಿದ್ದೆ. ಅದನ್ನ ಬರ್ಕೋ ವಿಭಾ. ನಿಮ್ಮ ರಿಸರ್ಚಿಗೆ ಬೇಕಾಗುತ್ತೆ. ಗಂಡ ಅನ್ನೋನು ಏನೂ ಮಾಡ್ಲಿಲ್ಲ ಅಂತ ಆಗ್ಬಾರ್ದು.

ಅಲ್ಲ, ನೀನು ಹಾಗಂದೆ ಅಂತಲ್ಲ. ಸುಮ್ನೆ ಹೇಳ್ದೆ.

ಕಾಫಿ ಕುಡಿ, ಆರ್ತಿದೆ. ಚಳೀಲಿ ಏರ್‌ಪೋರ್ಟಿಂದ ಇಲ್ಲೀವರೆಗೂ ಡ್ರೈವ್ ಮಾಡ್ಕೊಂಡು ಬಂದಿದೀಯ. ಇವತ್ತು ಹನ್ನೊಂದು ಡಿಗ್ರಿ, ಫ್ಯಾರನ್‌ಹೀಟು; ನಿಮ್ಮ ಲೆಕ್ಕದಲ್ಲಿ ಮೈನಸ್ ಹನ್ನೆರಡು. ನಿಮ್ಮ ವೇಲ್ಸ್‌ನಲ್ಲಿ ಇಷ್ಟು ಚಳಿ ಇರಲ್ಲ ಅಲ್ವಾ? ಬರೀ ಮಳೆ ಅಂದಿದ್ದೆ ವಿಡಿಯೋ ಕಾಲ್‌ನಲ್ಲಿ. ಸರಸ್ವತೀಪುರಂ ಹುಡುಗಿ ವೇಲ್ಸ್‌ಗೆ ಹೋಗಿ, ಅವರ ಭಾಷೆ ಕಲ್ತು, ಅವರ ಅಜ್ಜಿಯಂದಿರ ಜೊತೆ ಕೂತು ಮಾತಾಡ್ತೀಯಲ್ಲ! ಸರೋಜ ಇದ್ದಿದ್ರೆ ನಿನ್ನ ಬಿಡ್ತಾನೇ ಇರ್ಲಿಲ್ಲ. ಎಲ್ಲಿ, ಒಂದು ಮಾತು ಹೇಳು, ಇನ್ನೊಂದು ಹೇಳು ಅಂತ ಪ್ರಾಣ ತಿಂದಿರೋಳು.

ಇಪ್ಪತ್ತೆರಡು ವರ್ಷ ಇಲ್ಲೇ ಸ್ಟರ್ಲಿಂಗ್ ಹೈಟ್ಸ್ ಲೈಬ್ರರೀಲಿ ಮಕ್ಕಳ ಕೌಂಟರಲ್ಲಿ ಕೂತೋಳು ಕಣಮ್ಮ ಅವಳು. ಮಕ್ಕಳು ಪುಸ್ತಕ ತಗೊಳ್ಳೋಕಿಂತ ಇವಳ ಹತ್ರ ಹರಟೋಕೇ ಬರೋವು. ನನ್ನದು ಕಾರ್ ಕಂಪನಿ ಇಂಗ್ಲಿಷು... ನಟ್ಟು, ಬೋಲ್ಟು, ಟಾಲರೆನ್ಸು. ಅವಳದು ಅರಳು ಹುರಿದ ಹಾಗೆ. ಅಂಥೋಳಿಗೆ ಸ್ಟ್ರೋಕ್ ಹೊಡೆದು ಕಣ್ಣು ಬಿಟ್ರೆ ಒಂದೇ ಒಂದು ಇಂಗ್ಲಿಷ್ ಮಾತಿಲ್ಲ! ಯೆಸ್ಸೂ ಇಲ್ಲ, ನೋನೂ ಇಲ್ಲ. ಕನ್ನಡ ಮಾತ್ರ, ಅದೂ ತೊದಲು. ಡಾಕ್ಟರ್ ಬಂದು ಏನೋ ಕೇಳ್ತಾರೆ, ಇವಳು ನನ್ನ ಕಡೆ ತಿರುಗಿ "ಏನಂತಾರೆ ರೀ?" ಅಂತಾಳೆ.

ಆಗಿಂದ ಅವಳ ಬಾಯಿ ನಾನೇ.

ಬರ್ಕೊಂಡ್ಯಾ? ಹ್ಞೂಂ.

ನೀನು ಮೊದ್ಲು ಫೋನ್ ಮಾಡ್ದಾಗ ನನಗೇನೂ ಅರ್ಥ ಆಗಿರ್ಲಿಲ್ಲ, ನಿಜ ಹೇಳ್ತೀನಿ. ಭಾಷೆ ಓದಿದೋರು, ಬಿಸಿನೆಸ್ ಸ್ಕೂಲ್‌ನೋರು ಒಟ್ಟಿಗೆ ಸೇರಿ ರಿಸರ್ಚ್ ಮಾಡ್ತೀವಿ ಅಂದೆ. ವಯಸ್ಸಾದೋರ ಮಾತಿಗೂ ಬಿಸಿನೆಸ್ಸಿಗೂ ಏನು ಸಂಬಂಧ ಅಂದ್ಕೊಂಡೆ. ಆಮೇಲೆ ಆ ಅಜ್ಜಿ ವಿಷಯ ಹೇಳಿದ್ಯಲ್ಲ... ಕೇರ್ ಹೋಮಲ್ಲಿ ಐದು ತಿಂಗಳು ತುಟಿ ಬಿಚ್ಚದೇ ಇದ್ದೋಳು. ಇಂಗ್ಲಿಷಲ್ಲಿ ಕೇಳಿ ಕೇಳಿ, ಇವಳಿಗೆ ಏನೂ ತಿಳಿಯಲ್ಲ ಅಂತ ಫೈಲಲ್ಲಿ ಬರೆದಿದ್ರಂತೆ. ಒಂದಿನ ಅಡಿಗೆಯೋಳು ತಟ್ಟೆ ಹಿಡ್ಕೊಂಡು ಬಂದು ವೆಲ್ಷ್‌ನಲ್ಲಿ ಹಸಿವಾ ಅಂದ್ರೆ, ಅಜ್ಜಿ ತಟ್ಟನೆ "ಕೋಳಿಗಳನ್ನ ಗೂಡಿಗೆ ಸೇರಿಸಿದ್ರಾ?" ಅಂದ್ಲಂತೆ! ಆಮೇಲೆ ನಿಮ್ಮೋರು ಹೋಗಿ, ಯಾವ ಶಿಫ್ಟಲ್ಲೂ ಎರಡು ಭಾಷೆ ಬರೋರು ಒಬ್ರಾದ್ರೂ ಇರೋ ಹಾಗೆ ಡ್ಯೂಟಿ ಹಾಕೋದು ಹೇಗೆ ಅಂತ ಅವರಿಗೆ ಕಲಿಸಿಕೊಟ್ರು. ಒಳ್ಳೇ ಕೆಲ್ಸ. ಪುಣ್ಯದ ಕೆಲ್ಸ ಕಣಮ್ಮ. ಅಲ್ಲಿ ಆಗಿದ್ರೆ ಮಧ್ಯದಲ್ಲಿ ಗಂಡ ಅನ್ನೋನೇ ಬೇಕಾಗಿರ್ಲಿಲ್ಲ.

ಏನಿಲ್ಲ. ಮುಂದಕ್ಕೆ ಹೋಗೋಣ.

ಈ ಹಾಳೆಗಳನ್ನ ನಾನು ನೋಡಿದೀನಿ. ನೀನು ಮೇಲ್ ಕಳ್ಸಿದ ದಿನಾನೇ ನೋಡ್ದೆ. ಅವಳಿದ್ದಾಗ ಅಕ್ಟೋಬರಲ್ಲಿ ಆಸ್ಪತ್ರೇಲಿ ನಡೆದ ಮೀಟಿಂಗು, ನಿಮ್ಮೋರು ರೆಕಾರ್ಡ್ ಮಾಡಿದ್ದು. ಎಡಗಡೆ ಆಡಿದ ಮಾತು, ಬಲಗಡೆ ಅದರ ಇಂಗ್ಲಿಷು. ಅಚ್ಚುಕಟ್ಟಾಗಿ ಮಾಡಿದೀಯ. ಒಂದೇ ಒಂದು ಕಡೆ... ನಾಲ್ಕನೇ ಪುಟ. ಅಲ್ಲಿ ಅವಳ ಮಾತು ಸರಿಯಾಗಿ ಕೇಳಲ್ಲ ಅಲ್ವಾ? ಆ ಏಸಿ ಬೇರೆ ಗುಂಯ್ ಅಂತಿತ್ತು. ಅಲ್ಲಿ "ಅಸ್ಪಷ್ಟ" ಅಂತ ಹಾಕ್ಬಿಡು. ಬೇರೆ ಕಡೆ ಹಾಕಿದೀಯಲ್ಲ, ಹಾಗೇನೇ.

ಸುಚೇತಾ ನಿನಗೂ ಬರೆದಿದಾಳಂತೆ? ಅಮ್ಮನ ರೆಕಾರ್ಡಿಂಗ್ ಬೇಕು, ಅರ್ಥಾನೂ ಬೇಕು ಅಂತ. ನನಗೂ ಹೇಳಿದ್ಲು. ಬರೋ ವಾರ ವರ್ಷಾಬ್ದಿಕ, ಅಷ್ಟರಲ್ಲಿ ಅಮ್ಮನ ಧ್ವನಿ ಕೇಳ್ಬೇಕಂತೆ. ಮಗಳಲ್ವಾ. ಅವಳಿರೋ ಡೆಸ್ ಪ್ಲೇನ್ಸ್‌ನಿಂದ ಇಲ್ಲಿಗೆ ಮುನ್ನೂರು ಮೈಲಿ... ಆರು ತಿಂಗಳು ಪ್ರತಿ ಶನಿವಾರ ಬಂದ್ಲು ಕಣಮ್ಮ, ಒಂದು ವಾರ ತಪ್ಪಿಸ್ಲಿಲ್ಲ. ಅಮ್ಮನ ಕೈ ಹಿಡ್ಕೊಂಡು ಕೂರೋಳು. ಅಮ್ಮ ಕನ್ನಡದಲ್ಲಿ ಏನೋ ಹೇಳೋಳು, ಇವಳು ಇಂಗ್ಲಿಷಲ್ಲಿ ಓಕೆ ಅಮ್ಮಾ, ಓಕೆ ಅಮ್ಮಾ ಅನ್ನೋಳು. ಅವಳಿಗೆ ಬರೋ ಕನ್ನಡ ಬೆರಳಲ್ಲಿ ಎಣಿಸ್ಬೋದು. ಅಜ್ಜಿ, ತಾತ, ಹಾಲು, ಮನೆ... ಅಷ್ಟೇ. ನಾವೇ ಕಲಿಸ್ಲಿಲ್ಲ, ಅವಳ ತಪ್ಪಲ್ಲ.

ಅದಕ್ಕೇ ಹೇಳಿದ್ದು. ಅಸ್ಪಷ್ಟ ಅಂತ ಹಾಕು.

ಯಾಕೆ ಪೆನ್ ಕೆಳಗಿಟ್ಟೆ?

ನೋಡಮ್ಮ, ಅವತ್ತು ಏನಾಯ್ತು ಅಂತ ಕೇಳ್ಕೋ, ಸರಿಯಾಗಿ ಬರ್ಕೋ. ರೂಮಲ್ಲಿ ಸೋಶಿಯಲ್ ವರ್ಕರ್ ಇದ್ದಳು. ನಿಮ್ಮ ಕಡೆ ಹುಡುಗಿ ತಾನ್ಯಾ ಇದ್ದಳು, ರೆಕಾರ್ಡರ್ ಇಟ್ಕೊಂಡು. ನಾನು, ಸರೋಜ. ಸುಚೇತಾ ಫೋನಲ್ಲಿ, ಸ್ಪೀಕರ್ ಹಾಕಿತ್ತು. ಮೊದ್ಲು ಮೂರು ವಾರ ಮನೇಲೇ ನೋಡ್ಕೊಂಡಿದ್ದೆ ನಾನು. ಅವಳು ಬಿದ್ದು, ವಾಪಸ್ ಅಡ್ಮಿಟ್ ಆಗಿ... ಈಗ ಮನೇಗಾ, ಕೇರ್ ಹೋಮಿಗಾ ಅಂತ ಪ್ರಶ್ನೆ. ಆ ಸೋಶಿಯಲ್ ವರ್ಕರ್ ತುಂಬಾ ಮರ್ಯಾದೆಯೋಳು. ನೇರವಾಗಿ ಸರೋಜನ್ನೇ ಕೇಳಿದ್ಲು, ಮಿಸೆಸ್ ದ್ವಾರಕಾನಾಥ್, ನೀವೆಲ್ಲಿರೋಕೆ ಇಷ್ಟ ಪಡ್ತೀರಾ ಅಂತ. ನಾನು ಕನ್ನಡದಲ್ಲಿ ಕೇಳ್ದೆ. ಸರಿಯಾಗೇ ಕೇಳ್ದೆ, ಅದ್ರಲ್ಲಿ ಮೋಸ ಇಲ್ಲ. ಅವಳು ಹೇಳಿದ್ಲು. ನಾನು ಇಂಗ್ಲಿಷಲ್ಲಿ ಹೇಳ್ದೆ... ಕೇರ್ ಹೋಮಲ್ಲಿ ಇರೋಕೆ ಒಪ್ಪಿಗೆ ಅಂತಿದಾಳೆ ಅಂತ. ಅಷ್ಟೇ.

ಅಷ್ಟೇ ಅಂದ್ನಲ್ಲ.

ಇಂಟರ್‌ಪ್ರಿಟರಾ? ಅದು ಎರಡನೇ ಪುಟದಲ್ಲಿದೆ, ಗೊತ್ತು, ಗೊತ್ತು... ಫೋನಲ್ಲಿ ಕನ್ನಡ ಬರೋರನ್ನ ಕರೀತೀವಿ ಅಂದ್ರು. ನಾನೇ ಬೇಡ ಅಂದೆ. ಗಂಡ ಇದೀನಲ್ಲ, ನಲವತ್ತೊಂದು ವರ್ಷ ಸಂಸಾರ ಮಾಡಿದೀನಿ, ಇವಳ ಮಾತು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಾಗುತ್ತೆ ಅಂದೆ. ಎಲ್ರೂ ನಕ್ರು.

ಹಾಗೆ ನೋಡ್ಬೇಡಮ್ಮ.



ಕೇಳಿದೀಯ ಅಲ್ವಾ. ಕೇಳ್ದೇ ಇರ್ತೀಯಾ! ಅದೇ ನಿನ್ನ ಕೆಲ್ಸ. ಇಯರ್‌ಫೋನ್ ಹಾಕ್ಕೊಂಡು ಒಂದೊಂದು ಮಾತೂ ಹತ್ತತ್ತು ಸಲ ತಿರುಗಿಸಿ ಹಾಕಿ... ಅಸ್ಪಷ್ಟ ಅಲ್ಲ. ನೀನು ಎಡಗಡೆ ಬರೆದಾಗಿದೆ. ನಾನು ನೋಡಿದೀನಿ. ನಿಜ ಹೇಳ್ಬೇಕಂದ್ರೆ, ಅದೊಂದನ್ನೇ ನೋಡಿದೀನಿ.

ನಿನಗೇನು ಗೊತ್ತಮ್ಮ ಆ ಮೂರು ವಾರ! ಎತ್ತಬೇಕು, ತೊಳೀಬೇಕು, ತಿನ್ನಿಸ್ಬೇಕು. ಅದಲ್ಲ. ಅದನ್ನೆಲ್ಲಾ ಮಾಡಿದೆ. ಅವಳು ಕರೆಯೋದು... ಐದು ನಿಮಿಷಕ್ಕೊಂದ್ಸಲ "ರೀ... ರೀ..." ಅಂತ. ಹೋಗಿ ಏನು ಅಂದ್ರೆ ಏನೂ ಇಲ್ಲ. ನನ್ನ ಮುಖ ನೋಡ್ಬೇಕು, ಅಷ್ಟೇ. ನನ್ನೊಬ್ಬನಿಗೇ ಅಲ್ವಾ ಅವಳ ಮಾತು ಅರ್ಥ ಆಗ್ತಿದ್ದಿದ್ದು! ಒಂದಿನ ಮಧ್ಯಾಹ್ನ ಗರಾಜಿಗೆ ಹೋಗಿ, ಕಾರಲ್ಲಿ ಕೂತು, ಬಾಗಿಲು ಹಾಕ್ಕೊಂಡು, ರೇಡಿಯೋ ಹಾಕ್ಕೊಂಡೆ. ಒಂದು ಹತ್ತು ನಿಮಿಷ ಅಂತ. ಒಂದು ಗಂಟೆ ಕೂತೆ. ಒಳಗೆ ಬಂದ್ರೆ ಬಚ್ಚಲುಮನೆ ಬಾಗಿಲಲ್ಲಿ ಬಿದ್ದಿದಾಳೆ. ಎಷ್ಟು ಹೊತ್ತಾಗಿತ್ತೋ. ಬೈಲಿಲ್ಲ. ಅಳ್ಲೂ ಇಲ್ಲ. "ಎಲ್ಲೋಗಿದ್ರಿ, ಕರ್ದೆ" ಅಂದ್ಲು.

ಆಸ್ಪತ್ರೆಯೋರಿಗೆ ನಾನು ಪಕ್ಕದ ರೂಮಲ್ಲಿದ್ದೆ ಅಂತ ಹೇಳ್ದೆ. ಸುಚೇತಾಗೂ ಅದನ್ನೇ ಹೇಳ್ದೆ. ಅವಳನ್ನ ಇನ್ನೊಂದ್ಸಲ ಮನೇಗೆ ತಂದ್ರೆ ಇನ್ನೊಂದ್ಸಲ ಹೋಗಿ ಕಾರಲ್ಲಿ ಕೂತ್ಕೋತೀನಿ ಅಂತ ನನಗೆ ಗೊತ್ತಿತ್ತು. ಅದನ್ನ ಯಾರ ಹತ್ರ ಹೇಳ್ಕೊಳ್ಳಿ? ನನಗಾಗಲ್ಲ ಅಂತ ಹೇಳಿದ್ರೆ ಮುಗೀತಿತ್ತು. ಯಾರೂ ಬೈತಿರ್ಲಿಲ್ಲ. ಆದ್ರೆ ನಾನು ಅವಳ ಬಾಯಲ್ಲೇ ಹೇಳಿಸ್ದೆ.

ಸುಚೇತಾ ಒಂದು ಮಾತು ಹಿಡಿದುಬಿಟ್ಲು, ಗೊತ್ತಾ? ಫೋನಲ್ಲಿ. "ಡ್ಯಾಡಿ, ಅಮ್ಮ ಮನೆ ಅಂದ್ರಾ? ಅಂದ್ರೆ ಹೋಮ್ ಅಲ್ವಾ?" ಅಂತ. ಅವಳಿಗೆ ಬರೋ ನಾಲ್ಕು ಮಾತಲ್ಲಿ ಅದೊಂದು... ನಾನು ಏನಂದೆ ಅಂತ ಅದೇ ಪುಟದ ಐದನೇ ಸಾಲಲ್ಲಿದೆ. "ಕೇರ್ ಹೋಮೂ ಮನೆ ಥರಾನೇ ಅಂತಿದಾಳೆ" ಅಂದೆ. ಒಂದು ಕ್ಷಣಾನೂ ಯೋಚಿಸ್ಲಿಲ್ಲ. ನಾಲಗೆ ಮೇಲೇ ಇತ್ತು! ಸುಚೇತಾ ಅತ್ಲು, ಸಮಾಧಾನಕ್ಕೆ. ಈಗ್ಲೂ ಎಲ್ರ ಹತ್ರಾನೂ ಹೇಳ್ಕೋತಾಳೆ, ನಮ್ಮಮ್ಮ ಅದನ್ನ ಮನೆ ಥರ ಅಂದ್ಕೊಂಡಿದ್ರು ಅಂತ.

ಸರೋಜಗೆ ನಾನು ಹೇಳಿದ್ದು ಅರ್ಥ ಆಯ್ತೋ ಇಲ್ವೋ... ನನ್ನ ಕೈ ಹಿಡ್ಕೊಂಡಿದ್ಲು, ಬಿಟ್ಲು. ಅಷ್ಟು ನೋಡ್ದೆ. ಅಲ್ಲಿಗೆ ಸೇರಿಸಿದ್ಮೇಲೆ ಹನ್ನೊಂದು ವಾರ ಬದುಕಿದ್ಲು. ನೋಡ್ಕೊಳ್ಳೋರು ಬಹಳ ಒಳ್ಳೇಯೋರು, ಅವರ ಮೇಲೆ ಒಂದು ಮಾತು ಹೇಳಲ್ಲ. ದಿನಾ ಹೋಗ್ತಿದ್ದೆ. ಮೂರನೇ ವಾರದಿಂದ ಅವಳು ಮಾತು ಬಿಟ್ಲು. ಎಷ್ಟು ಶಾಂತವಾಗಿದಾರೆ, ಹೊಂದ್ಕೊಂಡ್ರು ಅಂತ ನರ್ಸ್ ಹೇಳಿದ್ರು. ಹೌದು, ಹೌದು ಅಂದೆ. ನನ್ನ ಹತ್ರಾನೂ ಮಾತಾಡ್ಲಿಲ್ಲ ವಿಭಾ. ರೀ ಅಂತ ಒಂದ್ಸಲಾನೂ ಕರೀಲಿಲ್ಲ.

ಬೇಡ, ಟಿಷ್ಯೂ ಬೇಡ. ಕೂತ್ಕೋ.

 ಸುಳ್ಳು ಬರಿ ಅಂತ ನಿನ್ನ ವಯಸ್ಸಿನ ಹುಡುಗಿ ಹತ್ರ ಕೇಳ್ತಿದೀನಲ್ಲ ನಾನು. ಕಳ್ಸು ಸುಚೇತಾಗೆ. ಎರಡು ದಿನ ಮಾತ್ರ ಟೈಮ್ ಕೊಡು. ನಾಳೆ ಬೆಳಿಗ್ಗೆ ಡೆಸ್ ಪ್ಲೇನ್ಸ್‌ಗೆ ಹೋಗಿ ನಾನೇ ಹೇಳ್ತೀನಿ. ಹೇಳ್ತೀನಾ? ಹೇಳ್ತೀನಿ. ಹೇಳ್ದೇ ವಾಪಸ್ ಬಂದ್ರೂ ಶುಕ್ರವಾರ ಕಳ್ಸಿಬಿಡು, ನನ್ನ ಕಾಯ್ಬೇಡ. ಮಗಳು ಮುಖ ನೋಡ್ದೇ ಇದ್ರೂ ಸರಿ.

ಎಲ್ಲಿ, ನಾಲ್ಕನೇ ಪುಟ ಕೊಡು. ಕನ್ನಡಕ... ಹ್ಞಾಂ. ಸರಿಯಿದೆಯಾ ಅಂತ ನನಗೆ ತೋರ್ಸಿ ಸೈನ್ ಹಾಕಿಸ್ಕೊಳ್ಳೋಕೇ ತಾನೇ ನೀನು ಬಂದಿರೋದು. ಇಲ್ಲಿ. "ಮನೇಗೆ ಹೋಗೋಣ ರೀ. ತೊಂದ್ರೆ ಕೊಡಲ್ಲ."

ಇದು ಸರಿಯಿಲ್ಲಮ್ಮ. ಪೆನ್ ತಗೋ. "ತೊಂದ್ರೆ ಕೊಡಲ್ಲ" ಅನ್ನೋದನ್ನ ಅವಳು ಎರಡು ಸಲ ಅಂದ್ಲು. ಎರಡನೇ ಸಲ ತುಂಬಾ ಮೆತ್ತಗೆ. ನಿನ್ನ ಮೆಷೀನಿಗೆ ಕೇಳಿಸಿಲ್ಲ. ಬರಿ.