ಒಂಬತ್ತು ಸೆಕೆಂಡ್

ಬೇಡ ಬೇಡ, ಅದರ ಮೇಲೆ ಬ್ಯಾಗ್ ಇಡಬೇಡ! ಟೇಬಲ್ ಅಲ್ಲ ಕಣೇ ಅದು, ಫ್ಯಾಕ್ಸು. ಇನ್ನೂ ಉಸಿರಾಡ್ತಿದೆ. ಹೂಂ, ಈ ಕುರ್ಚಿ ಎಳ್ಕೋ. ಒಂದು ಕಾಲು ಕುಂಟು, ಎಡಕ್ಕೆ ವಾಲಬೇಡ... ಸರಿ. ಊಟ ಆಯ್ತಾ? ಆಯ್ತು ಅಂತ ತಲೆ ಆಡಿಸ್ತೀಯ, ಮುಖ ನೋಡಿದ್ರೆ ಬೆಳಗಿಂದ ನೀರೂ ಕುಡಿದ ಹಾಗಿಲ್ಲ. ಕೆಲಸದ ದಿನ, ಮಧ್ಯಾಹ್ನ, ದೊಡ್ಡಮ್ಮನ ಆಫೀಸಿಗೆ ಸವಾರಿ! ರಜೆ ಹಾಕಿದ್ಯಾ?... ಇರಲಿ, ಆಮೇಲೆ ಹೇಳು. ಐದೇ ನಿಮಿಷ. ಈ ಕಾಗದ ತುಂಬಿ ಕೊಟ್ಟುಬಿಡ್ತೀನಿ, ನಾಲ್ಕು ಗಂಟೆಗೆ ಮೇಲಿನವರಿಗೆ ಬೇಕಂತೆ.

ಪ್ರಶ್ನೆ ಕೇಳು. "ಆಧುನಿಕ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಫ್ಯಾಕ್ಸ್ ಯಂತ್ರದ ಅಗತ್ಯ ಇನ್ನೂ ಇದೆಯೇ? ಇದ್ದಲ್ಲಿ ಕಾರಣ ಕೊಡಿ." ಕಾರಣಕ್ಕೆ ಎರಡು ಗೆರೆ ಬಿಟ್ಟಿದ್ದಾರೆ. ಎರಡೇ ಗೆರೆ! ಪಾಪ, ಉದಾರಿಗಳು. ಕಂಪ್ಯೂಟರ್ ವಿಭಾಗದವನು ನಿನ್ನೆ ಬಂದು, "ಇದು ಮ್ಯೂಸಿಯಂಗೆ ಹೋಗಬೇಕು ಮೇಡಂ" ಅಂದ. "ಗಾಜಿನ ಪೆಟ್ಟಿಗೆ ಸ್ವಲ್ಪ ದೊಡ್ಡದು ಮಾಡಿಸಪ್ಪಾ, ನಾನೂ ಜೊತೆಗೆ ಕೂರ್ತೀನಿ" ಅಂದೆ. ನಗಲಿಲ್ಲ. ನೀನೂ ನಗ್ತಿಲ್ಲ.

ಅಲ್ಲ, ನೀನೇ ಹೇಳು. ಹೋದ ತಿಂಗಳು ಸರ್ವರ್ ಎರಡು ದಿನ ಮಲಗಿತ್ತು. ಆಗ ಯಾರು ನಡೆಸಿದ್ದು ಈ ಆಸ್ಪತ್ರೆನ? ಇದೇ ಮುದುಕಿ. ನಿಮ್ಮ ಇ-ಮೇಲ್ ಕಥೆ ಗೊತ್ತಲ್ಲ? ಕಳಿಸಿದೀನಿ, ಬಂದಿಲ್ಲ, ಸ್ಪ್ಯಾಮ್ ನೋಡಿ, ಅಲ್ಲೂ ಇಲ್ಲ... ಸಂಜೆಯಾಗುತ್ತೆ. ಇದು ಹಾಗಲ್ಲ. ಕಾಗದ ಹಾಕು, ಹೋಗುತ್ತೆ, ಹೋಯ್ತು ಅಂತ ಚೀಟಿ ಉಗುಳುತ್ತೆ. ತುಂಬ ಬರಹ ಇರೋ ಪುಟಕ್ಕೆ ನಲವತ್ತು ಸೆಕೆಂಡ್. ಡಾಕ್ಟರ ಕೈಬರಹ ಒತ್ತಾಗಿದ್ರೆ ಒಂದು ನಿಮಿಷ. ಅಕ್ಷರ ಕಡಿಮೆಯಾದಷ್ಟೂ ಬೇಗ. ಸದ್ದು ಕೇಳಿಯೇ ಹೇಳಬಲ್ಲೆ ನಾನು, ಎಷ್ಟು ಸಾಲು ಹೋಗ್ತಿದೆ ಅಂತ. ಎಂ.ಎ. ಓದಿ ಕಲಿತ ವಿದ್ಯೆ ಇದು.

ದೇವರನ್ನ ನಂಬದವಳು ನಾನು, ಜಾತಕ ನಂಬದವಳು. ಆದ್ರೆ ಆ ಚೀಟೀನ ನಂಬ್ತಿದ್ದೆ.

ಇಲ್ಲಿ ನೋಡು, ಟೇಬಲ್ ಗಾಜಿನ ಕೆಳಗೆ. ನೀನು ಚಿಕ್ಕವಳಿದ್ದಾಗ ಬಂದಾಗಲೆಲ್ಲ ಈ ಚೀಟಿ ಮೇಲೆ ಬೆರಳಾಡಿಸ್ತಿದ್ದೆ. "ಅಮ್ಮನ ಚೀಟಿ" ಅಂತಿದ್ದೆ. ಆರು ವರ್ಷ ನಿನಗೆ ಆಗ. ನಿಮ್ಮಮ್ಮ ನಿಮ್ಮಪ್ಪನ ಊರಲ್ಲಿ ಜ್ವರ ಏರಿ ಅಲ್ಲಿನ ಆಸ್ಪತ್ರೆ ಸೇರಿದಳು. ಒಂದು ಔಷಧ ಅವಳಿಗೆ ಒಗ್ತಿರಲಿಲ್ಲ, ನೀನು ಹುಟ್ಟಿದಾಗಲೇ ಇಲ್ಲಿ ಅವಳ ಫೈಲಲ್ಲಿ ಬರೆದಿಟ್ಟಿದ್ರು. ಅದರ ಹೆಸರು ನಿಮ್ಮಪ್ಪನಿಗೆ ನೆನಪಾಗಲಿಲ್ಲ. ಇಲ್ಲಿನ ಹಳೆ ನೋಂದಣಿ ಚೀಟಿ ತೋರಿಸಿದ. ಆ ಕಡೆಯವರು ನನಗೆ ಫೋನ್ ಮಾಡಿದ್ರು, ಆ ಪುಟ ಕಳಿಸಿ ಅಂತ. ತಂಗಿ ಹೆಸರು ನೋಡಿದ್ದೇ ನನ್ನ ಕೈ ನಡುಗಿತು, ನಿಂತ ಕಾಲಲ್ಲೇ ಕಳಿಸಿದೆ... ಎಷ್ಟು ಸಲ ಹೇಳಿದೀನಿ ಇದನ್ನ. ಆ ಪುಣ್ಯಾತ್ಮರು ನೋಡಲಿಲ್ಲ. ಟ್ರೇಯಲ್ಲಿ ಬಿದ್ದಿತ್ತು, ನೋಡಲಿಲ್ಲ. ಅದೇ ಔಷಧ ಕೊಟ್ಟರು, ಅವಳು ಉಳೀಲಿಲ್ಲ. "ಅಕ್ಕಾ, ನೀವು ಮಾಡೋದು ಮಾಡಿದ್ರಿ" ಅಂತಿದ್ದ ನಿಮ್ಮಪ್ಪ. ಕೊನೆಯ ದಿನದವರೆಗೂ ಅವರನ್ನೇ ಬೈದ.

ಅಷ್ಟು ಬಗ್ಗಿ ಏನು ಓದ್ತಿದ್ದೀಯ? ಎಲ್ಲ ಗೊತ್ತಿರೋದೇ. ತಾರೀಖು. ಸಮಯ ನಾಲ್ಕು ಹನ್ನೆರಡು. ಪುಟ ಒಂದು. ಓಕೆ. ಓಕೆ ಅಂತ ಇದೆಯಲ್ಲ, ಕಾಣುತ್ತಲ್ಲ!... ಅದಾ? ಬೆರಳು ತೆಗಿ, ನೋಡೋಣ. ಅದು ಅವಧಿ. ಎಷ್ಟು ಹೊತ್ತು ಹಿಡೀತು ಅಂತ. ಒಂಬತ್ತು ಸೆಕೆಂಡ್.

...ಲೈನ್ ಚೆನ್ನಾಗಿತ್ತು ಅವತ್ತು.

ಯಾಕೆ ಹಾಗೆ ನೋಡ್ತೀಯ? ಅದು ಪಟ್ಟಿ. ಯಂತ್ರದ ನೆತ್ತಿಗೆ ನಾನೇ ಅಂಟಿಸಿದ್ದು, "ಅಕ್ಷರ ಮೇಲೆ" ಅಂತ. ಹೊಸಬರು ಬರ್ತಾರಲ್ಲ, ಗೊಂದಲ ಆಗಬಾರದು. ಹಳೆ ಯಂತ್ರದಲ್ಲಿ ಅಕ್ಷರ ಕೆಳಗೆ ಮಾಡಿ ಹಾಕಬೇಕಿತ್ತು, ಇದರಲ್ಲಿ ಮೇಲೆ. ಇದು ಬಂದಿದ್ದು... ಆ ವಾರವೇ. ಸೋಮವಾರ.

ಏನದು ಫೋಲ್ಡರ್? ಕೊಡಿಲ್ಲಿ. ಇದು ಆ ಆಸ್ಪತ್ರೆ ಮೊಹರಲ್ವಾ? ನೀನು ಅಲ್ಲಿಗೆ ಹೋಗಿದ್ಯಾ! ಯಾಕೆ ಹೋದೆ? ಯಾರು ಹೇಳಿದ್ರು ಹೋಗು ಅಂತ?... ಓ. ಹಳೆ ಫೈಲೆಲ್ಲ ಕಂಪ್ಯೂಟರಿಗೆ ಹತ್ತಿಸಿ, ಕಾಗದ ಮನೆಯವರಿಗೆ ಕೊಡ್ತಿದ್ದಾರೆ. ಪತ್ರ ಹಾಕಿದ್ದಾರೆ. ನನಗೆ ಹೇಳಬಾರದಿತ್ತಾ? ನಾನೂ ಬರ್ತಿದ್ದೆ. ಇಲ್ಲ... ಬರ್ತಿರಲಿಲ್ಲ.

ಈ ಹಾಳೆ.

ಮೇಲಿನ ಅಂಚಲ್ಲಿ ನಮ್ಮ ನಂಬರು. ತಾರೀಖು. ನಾಲ್ಕು ಹನ್ನೆರಡು. ಪುಟ ಒಂದು. ಕೆಳಗೆ... ಬಿಳಿ. ಪೂರ್ತಿ ಬಿಳಿ.

ಮಸಿ ಮುಗಿದಿರಬೇಕು ಅವರದ್ದು! ಅವರ ಯಂತ್ರ ಹಾಗೇ ಇತ್ತು, ಯಾವಾಗಲೂ ಅಷ್ಟೇ... ತಲೆ ಅಲ್ಲಾಡಿಸಬೇಡ. ಗೊತ್ತು. ಮಸಿ ಮುಗಿದಿದ್ರೆ ಮೇಲಿನ ಈ ಸಾಲೂ ಬರ್ತಿರಲಿಲ್ಲ. ಗೊತ್ತು ನನಗೆ.

ತಿರುವಿ ಹಾಕಿದ್ದೆ ಕಣೇ. ಒಂಬತ್ತು ವರ್ಷದ ಅಭ್ಯಾಸ ಕೈಗೆ, ಅಕ್ಷರ ಕೆಳಗೆ, ಅಕ್ಷರ ಕೆಳಗೆ. ಯಂತ್ರ ಬದಲಾಗಿತ್ತು, ಕೈ ಬದಲಾಗಿರಲಿಲ್ಲ. ಖಾಲಿ ಬೆನ್ನು ಹೋಯ್ತು, ಒಂಬತ್ತು ಸೆಕೆಂಡಲ್ಲಿ. ಯಂತ್ರಕ್ಕೇನು, ಖಾಲಿಯಾದ್ರೂ ಓಕೆ. ಆ ವಾರ ಎಲ್ಲರೂ ಮಾಡಿದ್ರು ಈ ತಪ್ಪು. ರಕ್ತ ಪರೀಕ್ಷೆಯವಳು ಎರಡು ಸಲ ಮಾಡಿದಳು. ಯಾರಿಗೂ ಏನೂ ಆಗಲಿಲ್ಲ. ನನಗೆ ಮಾತ್ರ...

ಏನಾದ್ರೂ ಅನ್ನು, ಪುಟ್ಟಿ. ಬೈಯಿ. ತಪ್ಪು ಯಾರಿಗೂ ಆಗುತ್ತೆ ಅನ್ನು, ಅದಾದ್ರೂ ಅನ್ನು.

ಯಾಕೆ ಆ ಹಾಳೆ ವಾಪಸ್ ತಗೊಂಡೆ? ಎದೆಗೆ ಯಾಕೆ ಒತ್ತಿ ಹಿಡಿದೆ? ಹಿಂದೆ ಏನಿದೆ? ಏನೋ ಬರೆದಿದ್ದಾರೆ ಅಲ್ವಾ? ಆ ನರ್ಸ್. ಬರೆದೇ ಇರ್ತಾಳೆ. ನಾನಾಗಿದ್ರೂ ಬರೆದಿಡ್ತಿದ್ದೆ, ಸಮಯ ಸಮೇತ. ಅದಕ್ಕೇ ಬಾಯಿ ಬಿಡ್ತಿಲ್ಲ ನೀನು.

ಹೂಂ. ಫೋನ್ ಮಾಡಿದ್ದಳು.

ಮೂರು ನಿಮಿಷಕ್ಕೇ ಮಾಡಿದಳು. ಚಿಕ್ಕ ವಯಸ್ಸಿನ ದನಿ. "ಖಾಲಿ ಬಂದಿದೆ ಮೇಡಂ, ಇನ್ನೊಂದು ಸಲ ಕಳಿಸಿ." ನನ್ನ ಕೈಯಲ್ಲಿ ಚೀಟಿ ಇತ್ತು. "ಓಕೆ ಬಂದಿದೆಯಮ್ಮಾ ಇಲ್ಲಿ, ನಿಮ್ಮ ಮಸಿ ನೋಡ್ಕೊಳ್ಳಿ" ಅಂದೆ. "ಬಾಯಲ್ಲಾದ್ರೂ ಹೇಳಿ, ಯಾವ ಔಷಧ ಅಂತ. ಡಾಕ್ಟರ್ ಕಾಯ್ತಿದ್ದಾರೆ" ಅಂದಳು. "ಫೋನಲ್ಲಿ ಹೇಳೋ ಹಾಗಿಲ್ಲ, ನಿಯಮ ಗೊತ್ತಿಲ್ವಾ? ನಾನು ಕಳಿಸಿದ್ದಕ್ಕೆ ಪುರಾವೆ ಇದೆ" ಅಂದೆ. ಇಟ್ಟೆ. ಟೀ ಬಂದಿತ್ತು. ಕುಡಿದೆ.

ಯಾರ ಪುಟ ಅಂತ ನೋಡಿರಲಿಲ್ಲ ಕಣೇ! ಕೈ ನಡುಗಿತು ಅಂದಿದ್ದೆಲ್ಲ ಸುಳ್ಳು. ದಿನಕ್ಕೆ ನಲವತ್ತು ಕಳಿಸ್ತಿದ್ದೆ. ನಂಬರ್ ಹೇಳ್ತಾರೆ, ನಂಬರ್ ನೋಡಿ ತೆಗೀತೀನಿ, ಹಾಕ್ತೀನಿ. ಹೆಸರು ಯಾರು ಓದ್ತಾರೆ? ಟೀ ಲೋಟ ತೊಳೆದಿಟ್ಟು, ಪುಟ ವಾಪಸ್ ಫೈಲಿಗೆ ಸೇರಿಸೋಣ ಅಂತ ಟ್ರೇಯಿಂದ ಎತ್ತಿದೆ. ಬಿಳಿ ಬೆನ್ನು ಮೇಲಿತ್ತು. ತಿರುವಿದೆ... ಅವಳ ಹೆಸರು. ಅವಳ ಕೋಳಿಕಾಲು ಸಹಿ. ನಾನೇ ಕೈ ಹಿಡಿದು ಬರೆಯೋದು ಕಲಿಸಿದ್ದ ಸಹಿ.

ಹಚ್ಚಿದೆ ಫೋನು. ಕೂಗಿದೆ ಔಷಧದ ಹೆಸರು, ಇಡೀ ಕಾರಿಡಾರಿಗೆ ಕೇಳೋ ಹಾಗೆ. "ಹತ್ತು ನಿಮಿಷ ಆಯ್ತು ಮೇಡಂ, ಕೊಟ್ಟಾಯ್ತು" ಅಂದಳು. ಅಷ್ಟೇ. ಬೈಯಲಿಲ್ಲ ಅವಳೂ.

ನೀನು ಎಂಟನೇ ಕ್ಲಾಸಲ್ಲಿ ಒಂದು ಸಲ ಬಾಯಿ ತಪ್ಪಿ "ಅಮ್ಮಾ" ಅಂದೆ, ನೆನಪಿದೆಯಾ? "ದೊಡ್ಡಮ್ಮ ಅನ್ನು" ಅಂತ ಗದರಿದ್ದೆ. ಎರಡು ದಿನ ಮಾತು ಬಿಟ್ಟಿದ್ದೆ ನೀನು. ಕಲ್ಲು ಮನಸ್ಸು ಅಂದ್ಕೊಂಡಿರ್ತೀಯ. ಹೇಗೆ ಕರೆಸ್ಕೊಳ್ಳಲಿ, ಹೇಳು... ಹೇಗೆ?

ಸಾಕು, ಕೊಡು ಅದನ್ನ. ಓದ್ತೀನಿ. ಆ ಹುಡುಗಿ ಏನು ಬರೆದಿದ್ದಾಳೋ ನಾನೇ ಜೋರಾಗಿ ಓದ್ತೀನಿ, ನೀನು ಕೇಳು. ಬಿಡು ಕೈ...

...

ಏನೂ ಇಲ್ವಲ್ಲೇ.

ಈ ಕಡೆಯೂ ಬಿಳಿ.

ಹಾಗಾದ್ರೆ ನಿನಗೆ... ನರ್ಸಿನ ಮಾತು, ಟೀ... ಯಾವುದೂ ಗೊತ್ತಿರಲಿಲ್ಲ. ತಪ್ಪಾಗಿ ಹಾಕಿದ್ಯಾ ದೊಡ್ಡಮ್ಮಾ ಅಂತ ಕೇಳೋಕೆ ಬಂದಿದ್ದೆ, ಅಷ್ಟೇ ಅಲ್ವಾ?

ಎದ್ದು ನಿಂತೆ ಯಾಕೆ? ಕೂತ್ಕೋ. ಕೂರಬೇಡ, ನಿಂತಾದ್ರೂ ಹೇಳು. ಏನು ಬೇಕಾದ್ರೂ ಹೇಳು, ಪುಟ್ಟಿ. ಕೇಳಿಸ್ಕೊಳ್ತೀನಿ. ಈ ಸಲ ಕೇಳಿಸ್ಕೊಳ್ತೀನಿ.