ಡಾಕ್ಟರ್ ಥರ್ಲೋ ಅವರಿಗೆ ತಡವಾಗಿ ಬಂದ ಸದಸ್ಯತ್ವ

ಇಂದಿನ ಸಭೆಯ ಮಾನ್ಯ ಅಧ್ಯಕ್ಷರಾದ ನ್ಯಾಯಾಧೀಶ ಕಾರ್ವಿನ್ ಅವರೇ, ವೆಲ್ಬರಿ ಜಿಲ್ಲಾ ವೈದ್ಯ ಸಂಘದ ಮಿತ್ರರೇ, ಇಂದಿನ ಸನ್ಮಾನಿತರಾದ ಡಾಕ್ಟರ್ ಕೆಜಿಯಾ ಥರ್ಲೋ ಅವರೇ, ಒಲೆಯ ಪಕ್ಕದ ಜಾಗಕ್ಕಾಗಿ ಒಂದು ಗಂಟೆ ಮೊದಲೇ ಬಂದು ಕೂತಿರುವ ಸಭಿಕರೇ,

ಡಾಕ್ಟರ್ ಥರ್ಲೋ ಅವರ ವೃತ್ತಿಜೀವನದ ಬಗ್ಗೆ ನಾಲ್ಕು ಮಾತಾಡಲು ನನಗೆ ಹೇಳಿದ್ದಾರೆ. ಈ ಡಾಕ್ಟರ್ ಆನ್ಸೆಲ್ ಪ್ರುಯಿಟ್ ನಾಲ್ಕೇ ಮಾತಿಗೆ ನಿಲ್ಲಿಸಿದ್ದನ್ನು ಯಾರಾದರೂ ಕಂಡಿದ್ದೀರಾ?

ಫಿಲಡೆಲ್ಫಿಯಾದ ಮಹಿಳಾ ವೈದ್ಯ ಕಾಲೇಜಿನಲ್ಲಿ ಓದಿ ಇವರು ನಮ್ಮೂರಿಗೆ ಬಂದದ್ದು ಸಾವಿರದ ಎಂಟುನೂರ ಅರವತ್ತೇಳರಲ್ಲಿ. ಮೊದಲ ವರ್ಷ ಬಂದ ರೋಗಿಗಳು ಮೂರೇ: ಒಬ್ಬ ಕುಡುಕ, ಒಂದು ಹಸು, ಆ ಹಸುವಿನ ಒಡತಿ. ಮೂವರೂ ಗುಣವಾದರು. ಆಮೇಲೆ ಹಿಮದಲ್ಲಿ ಕುದುರೆ ಕಟ್ಟಿದ ಜಾರುಬಂಡಿ ಹೊಡೆದುಕೊಂಡು ಇವರು ಹೋಗದ ಮನೆಯಿಲ್ಲ. ಈ ಸಭೆಯಲ್ಲಿ ಅರ್ಧದಷ್ಟು ಜನರ ಮಕ್ಕಳು ಇವರ ಕೈಯಲ್ಲೇ ಹುಟ್ಟಿದವರು.

ಮರುವರ್ಷ ಸಂಘದ ಸದಸ್ಯತ್ವಕ್ಕೆ ಅರ್ಜಿ ಹಾಕಿದರು. ಮತದ ಪೆಟ್ಟಿಗೆಯಲ್ಲಿ ಹತ್ತು ಬಿಳಿ ಗುಂಡು ಬಿದ್ದವು, ಒಂದು ಕರಿ ಗುಂಡು. ಅರ್ಜಿ ತಳ್ಳಿಹಾಕಲು ಕರಿಯದು ಒಂದೇ ಸಾಕಿತ್ತು. ಅದು ಯಾರದೆಂದು ಇಪ್ಪತ್ತೆರಡು ವರ್ಷ ಒಬ್ಬರನ್ನೊಬ್ಬರು ಅನುಮಾನಿಸಿದ್ದೀರಿ. ಸಾಕು. ಅದು ನನ್ನದು.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಬಾಯಿಗೆ ಬಂತು. ಇನ್ನು ಉಳಿದದ್ದನ್ನೂ ಹೇಳಿಬಿಡುತ್ತೇನೆ.

ಎಪ್ಪತ್ತೆರಡರ ಫೆಬ್ರವರಿ. ನನ್ನ ಮಗಳು ಡೆಲಿಯಾ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಎರಡು ದಿನ ನೋವು ತಿಂದಳು. ಮಗು ಅಡ್ಡ ನಿಂತಿತ್ತು, ತಿರುಗಿಸಲು ನನ್ನ ಕೈಲಾಗಲಿಲ್ಲ. ಥರ್ಲೋ ಅವರ ಮನೆ ನಮ್ಮಿಂದ ಎರಡು ಬಾಗಿಲಾಚೆ. ಯಾರೂ ಕರೆಯದೆ ತಾವೇ ಬಂದರು.

"ಮಿಸ್ ಥರ್ಲೋ, ಸಂಘದ ನಿಯಮ ನಿಮಗೂ ಗೊತ್ತಲ್ಲ. ಸದಸ್ಯರಲ್ಲದವರ ಜೊತೆ ಸೇರಿ ನಾನು ರೋಗಿ ನೋಡೋ ಹಾಗಿಲ್ಲ," ಅಂದೆ.

"ಹಾಗಾದ್ರೆ ನೀವು ಹೊರಗೆ ಬನ್ನಿ ಡಾಕ್ಟ್ರೇ, ನಾನೊಬ್ಬಳೇ ಒಳಗೆ ಹೋಗ್ತೀನಿ. ಸೇರಿ ನೋಡಿದ ಹಾಗಾಗಲ್ಲ," ಅಂದರು.

ಒಳಗಿಂದ ನನ್ನ ಹೆಂಡತಿ ಲುಸಿಂಡಾ ಕೂಗಿದಳು: "ಅವರನ್ನ ಒಳಗೆ ಬಿಡ್ರೀ! ನಿಮ್ಮ ನಿಯಮ ಬಂದು ಹೆರಿಗೆ ಮಾಡಿಸುತ್ತಾ?"

ನಾನು ಬಾಗಿಲು ಹಾಕಿದೆ. ನಿಯಮಕ್ಕಾಗಿ ಹಾಕಿದೆನೇ? ಇಲ್ಲ. ನನ್ನ ಕೈಲಾಗದ್ದು ಆ ಹೆಂಗಸಿನ ಕೈಲಾದರೆ ಊರಲ್ಲಿ ಹೇಗೆ ತಲೆ ಎತ್ತಲಿ ಎಂದು ಹಾಕಿದೆ. ಸಂಜೆಯೊಳಗೆ ತಾಯಿ ಮಗು ಇಬ್ಬರೂ ಹೋದರು.

ಡಾಕ್ಟರ್ ಥರ್ಲೋ ಈ ವಿಷಯ ಊರಲ್ಲಿ ಒಬ್ಬರ ಮುಂದೆಯೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಾನು ಇಂದು ಈ ವೇದಿಕೆಯ ಮೇಲೆ ಇರುತ್ತಿರಲಿಲ್ಲ. ಲುಸಿಂಡಾ ಇಂದು ಬಂದಿಲ್ಲ. "ನೀವು ಹೋಗಿ ಆ ಸದಸ್ಯತ್ವದ ಪತ್ರ ಕೊಟ್ಟು ಬನ್ನಿ. ನನಗೆ ಅದನ್ನ ನೋಡೋ ಶಕ್ತಿ ಇಲ್ಲ," ಅಂದಳು.

ಡಾಕ್ಟರ್ ಥರ್ಲೋ, ಇದು ನಿಮ್ಮ ಸದಸ್ಯತ್ವದ ಪತ್ರ. ಹಿರಿಯ ಸದಸ್ಯನೆಂದು ಇದನ್ನು ಕೊಡುವ ಗೌರವವನ್ನು ನನಗೆ ವಹಿಸಿದ್ದಾರೆ. ಸಂಘದವರಿಗೆ ಏನೂ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಇನ್ನು ಮುಂದೆ ನಾವಿಬ್ಬರೂ ಸೇರಿ ಯಾವ ರೋಗಿಯನ್ನಾದರೂ ನೋಡಬಹುದಂತೆ. ನನ್ನ ಡೆಲಿಯಾ ಒಬ್ಬಳನ್ನು ಬಿಟ್ಟು.

ಪತ್ರವನ್ನು ಅಧ್ಯಕ್ಷರ ಮೇಜಿನ ಮೇಲೆ ಇಡುತ್ತಿದ್ದೇನೆ. ದಯವಿಟ್ಟು ಅವರ ಕೈಯಿಂದಲೇ ತೆಗೆದುಕೊಳ್ಳಿ, ಅಮ್ಮಾ.

ಇಷ್ಟು ಹೊತ್ತು ಸಹಿಸಿದ್ದಕ್ಕೆ ನಿಮಗೆಲ್ಲ ವಂದನೆ. ನಮಸ್ಕಾರ.